ಎರಡನೇ ಹಾಳೆ

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಅಂತಲೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ, ಕೆತ್ತಿದ ಪ್ರತಿ ಹೆಸರಿನ ಕೊನೆಗೂ ಅವಳು ಒಂದು ಚುಕ್ಕಿ ಇಟ್ಟುಬಿಟ್ಟಿದ್ದಳು. "ಹೆಸರಿಗೆ ಯಾಕಮ್ಮ ಪೂರ್ಣವಿರಾಮ? ಮನುಷ್ಯ ಇನ್ನೂ ಬದುಕಿದ್ದಾನೆ," ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹದಿನೆಂಟು ವರ್ಷವಾದರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಅದು ಗಡಿಯಾರದ ಅಂಗಡಿ. ಮುಂದೆ ಗಾಜಿನ ಕಪಾಟುಗಳು, ಗೋಡೆ ತುಂಬ ಗಡಿಯಾರಗಳು. ಮರದ ಅಡ್ಡಗೋಡೆಯ ಹಿಂದೆ ಬೀದಿಗೆ ತೆರೆದುಕೊಳ್ಳುವ ಒಂದೇ ಕಿಟಕಿಯ ಕೋಣೆ, ಅದರೊಳಗೆ ಎರಡು ಮೇಜು. ಒಂದರಲ್ಲಿ ಯಜಮಾನರು ರಿಪೇರಿಗೆ ಕೂರುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಟೀ ಲೋಟ ಹಿಡಿದರೆ ಚೆಲ್ಲುವ ಕೈ, ಚಿಮುಟ ಹಿಡಿದರೆ ಮಾತ್ರ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಇನ್ನೊಂದು ಮೇಜು ಚುಕ್ಕಿಯದು. ಅವಳ ಕೆಲಸ ಕೆತ್ತುವುದು: ಬಹುಮಾನದ ಬಟ್ಟಲು, ಮದುವೆಯ ಉಂಗುರ, ಬಾಗಿಲಿಗೆ ಹಾಕುವ ಹಿತ್ತಾಳೆ ಫಲಕ.

ವರ್ಷಕ್ಕೊಮ್ಮೆ ರೆಜಿಮೆಂಟಿನ ಕಚೇರಿಯಿಂದ ದೊಡ್ಡ ಕೆಲಸ ಬರುತ್ತಿತ್ತು. ಮುಚ್ಚಳವಿರುವ ಬೆಳ್ಳಿಯ ಜೇಬು ಗಡಿಯಾರಗಳು, ಜೊತೆಗೆ ಹೆಸರುಗಳ ಪಟ್ಟಿ. ಮುಚ್ಚಳದ ಹೊರಗೆ ಹೆಸರು ಮತ್ತು ಸೈನ್ಯದ ನಂಬರು. ನಿವೃತ್ತರಾದವರಿಗೆ ಒಳಗಡೆ 'ನಿಮ್ಮ ಸೇವೆಗೆ ನಾವು ಋಣಿ' ಎಂಬ ಸಾಲು. ತೀರಿಕೊಂಡವರ ಮನೆಗೆ ಹೋಗುವ ಗಡಿಯಾರವಾದರೆ ಆ ಸಾಲು ಇರುವುದಿಲ್ಲ, ಎರಡು ತಾರೀಖು ಮಾತ್ರ.

ಆ ವರ್ಷದ ಪಟ್ಟಿ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಯಜಮಾನರು ಲಕೋಟೆ ಒಡೆದು, ಮೇಲಿನ ಹಾಳೆಯಲ್ಲಿ ಕಣ್ಣಾಡಿಸಿ, "ಇಪ್ಪತ್ತಮೂರು," ಎಂದು ಅವಳ ಮೇಜಿನ ಮೇಲಿಟ್ಟು ಹೋದರು. ಚುಕ್ಕಿ ಹೆಸರುಗಳನ್ನು ಒಂದೊಂದಾಗಿ ಓದಿ ಕಾಗುಣಿತ ಗುರುತು ಮಾಡಿಕೊಂಡಳು. ಹಾಳೆ ಎತ್ತಿ ಪಕ್ಕಕ್ಕಿಡುವಾಗ ಅದರ ಹಿಂದೆ ಇನ್ನೊಂದು ಹಾಳೆ ಗುಂಡುಸೂಜಿಗೆ ಸಿಕ್ಕಿಕೊಂಡು ಬಂದಿರುವುದು ಕಾಣಿಸಿತು. ತೆಳ್ಳಗಿನ ಕಾಗದ. ಅದರಲ್ಲಿ ಒಂದೇ ಹೆಸರಿತ್ತು.

ಅದು ಅವಳ ತಮ್ಮನ ಹೆಸರು.

ಅದೇ ಹೆಸರಿನವರು ಸಾವಿರ ಜನ ಇರುತ್ತಾರೆ ಅಂದುಕೊಂಡಳು. ಹೆಸರಿನ ಮುಂದೆ ನಂಬರಿತ್ತು. ಆ ನಂಬರು ಅವಳಿಗೆ ತನ್ನ ಫೋನ್ ನಂಬರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಆರು ವರ್ಷದಿಂದ ಅವನಿಗೆ ಕಳಿಸುವ ಪ್ರತಿ ಪಾರ್ಸೆಲ್ಲಿನ ಮೇಲೂ ಬರೆದವಳು ಅವಳೇ. ನಂಬರಿನ ಮುಂದೆ ಅವನು ಹುಟ್ಟಿದ ದಿನ. ಅದರ ಮುಂದೆ ಇನ್ನೊಂದು ತಾರೀಖು. ಸರಿಯಾಗಿ ಒಂದು ವಾರದ ಹಿಂದಿನದು, ಹೋದ ಗುರುವಾರದ್ದು.

ಎದ್ದು ಹೋಗಿ ಅಂಗಡಿಯ ಫೋನಿನಿಂದ ಮನೆಗೆ ಮಾಡಿದಳು. ಎತ್ತಿದ್ದು ಅಮ್ಮ.

"ಅಮ್ಮಾ, ಅವನು ಕಡೇ ಸಲ ಫೋನ್ ಮಾಡಿದ್ದು ಯಾವತ್ತು?"

"ಯಾವನು? ನಲ್ಲಿ ರಿಪೇರಿಯವನಾ?"

"ನಿನ್ನ ಮಗ, ಅಮ್ಮಾ."

"ಓ, ಅವನಾ! ನಲ್ಲಿ ಕಿತ್ತುಕೊಂಡ ದಿನಾನೇ ಮಾಡಿದ್ದು. ಒಂದು ಕೈಯಲ್ಲಿ ನಲ್ಲಿ ಒತ್ತಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡ್ಕೊಂಡು, ಮೈಯೆಲ್ಲ ನೀರು ಮಾಡ್ಕೊಂಡು ಮಾತಾಡಿದ್ದೆ. ಅವನಂತೂ ಅಲ್ಲಿಂದ ನಗ್ತಾನೇ ಇದ್ದ."

"ಯಾವ ವಾರ?"

"ಮಂಗಳವಾರ. ಹೋದ ವಾರದ ಮಂಗಳವಾರ. ಯಾಕೆ?"

"ಏನಿಲ್ಲ. ಸುಮ್ಮನೆ ಕೇಳಿದೆ."

ಅಮ್ಮ "ಸರಿ" ಅಂದು ಫೋನ್ ಇಟ್ಟರು. ಊಟ ಮಾಡಿದೆಯಾ, ಡಬ್ಬಿ ಖಾಲಿ ಮಾಡಿದೆಯಾ ಎಂದು ಕೇಳದೆ ಅಮ್ಮ ಫೋನ್ ಇಟ್ಟದ್ದು ಅದೇ ಮೊದಲು. ಚುಕ್ಕಿಗೆ ಅದು ಹೊಳೆಯಲೇ ಇಲ್ಲ. ಅವಳು ಮಂಗಳವಾರಕ್ಕೂ ಗುರುವಾರಕ್ಕೂ ನಡುವೆ ಸಿಕ್ಕಿಬಿದ್ದಿದ್ದಳು. ಅವನು ಶುಕ್ರವಾರ ಫೋನ್ ಮಾಡಿದ್ದಿದ್ದರೆ ಹಾಳೆ ಸುಳ್ಳಾಗುತ್ತಿತ್ತು.

ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ಕಾಗುಣಿತ ಕೇಳಿಕೊಂಡು ಬರುತ್ತೇನೆಂದು ಯಜಮಾನರಿಗೆ ಹೇಳಿ, ರೆಜಿಮೆಂಟಿನ ಕಚೇರಿಗೆ ನಡೆದಳು. ಗುಮಾಸ್ತ ಹಾಳೆ ನೋಡಿದವನೇ ಸುಣ್ಣ ಬಳಿದ ಗೋಡೆಯ ಹಾಗಾದ. "ಇದು ಹೇಗೆ…" ಎಂದು ಬಾಯಲ್ಲೇ ಅಂದುಕೊಂಡು ಒಳಗೆ ಓಡಿದ. ಸ್ವಲ್ಪ ಹೊತ್ತಿಗೆ ತಲೆ ನರೆತ ಒಬ್ಬ ಅಧಿಕಾರಿ ಹೊರಗೆ ಬಂದು ಅವಳನ್ನು ತಮ್ಮ ಕೋಣೆಗೆ ಕರೆದೊಯ್ದರು. ತಾವೇ ಬಾಗಿಲು ಮುಚ್ಚಿದರು.

"ಇದು ನಿಮ್ಮ ಕೈಗೆ ಬರಬಾರದಿತ್ತು. ತಪ್ಪಾಗಿದೆ."

"ತಪ್ಪು ಯಾವುದು ಸರ್? ಬಂದದ್ದಾ, ಬರೆದದ್ದಾ?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

"ಬರೆದದ್ದರಲ್ಲಿ ತಪ್ಪಿಲ್ಲ," ಅಂದರು. "ಅವನು ನಿಮಗೆ ಏನಾಗಬೇಕು?"

"ತಮ್ಮ."

ಅಧಿಕಾರಿ ದನಿ ತಗ್ಗಿಸಿ ಹೇಳಿದರು: "ಅವನ ಜೊತೆ ಹೋದವರು ಇನ್ನೂ ಎಂಟು ಜನ ಒಳಗೇ ಇದ್ದಾರೆ. ಎಲ್ಲಿ, ಯಾಕೆ ಅಂತ ಕೇಳಬೇಡಿ. ಅವರು ಅಲ್ಲಿದ್ದಾರೆ ಅನ್ನೋದೇ ಯಾರಿಗೂ ಗೊತ್ತಿರಬಾರದು. ಇಲ್ಲಿ ಒಂದು ಮನೆಯಲ್ಲಿ ಅಳು ಶುರುವಾದರೆ ಬೀದಿಗೆ ಗೊತ್ತಾಗುತ್ತೆ, ಬೀದಿಗೆ ಗೊತ್ತಾದರೆ ಸುದ್ದಿ ಅಲ್ಲಿವರೆಗೆ ಹೋಗೋಕೆ ಎಷ್ಟು ಹೊತ್ತು? ಅವರು ಹೊರಗೆ ಬರೋವರೆಗೆ ನಿಮ್ಮ ತಮ್ಮ ಸತ್ತಿಲ್ಲ. ಅರ್ಥ ಆಯ್ತಾ?"

"ಎಷ್ಟು ದಿನ?"

"ನಾಲ್ಕು. ಐದೂ ಆಗಬಹುದು."

"ಅವನ ಹೆಂಡತಿಗೆ?"

"ಬೇಡ."

"ನಮ್ಮಮ್ಮನಿಗೆ?"

ಅಧಿಕಾರಿ ತಲೆ ಅಲ್ಲಾಡಿಸಿದರು. ಹಾಳೆಯನ್ನು ಮೇಜಿನ ಖಾನೆಗೆ ಹಾಕುತ್ತಾ, "ಈ ಒಂದು ಗಡಿಯಾರ ಬೇರೆ ಅಂಗಡಿಗೆ ಕೊಡ್ತೀವಿ ಬಿಡಿ," ಅಂದರು.

"ಕೊಡಬೇಡಿ," ಅಂದಳು ಚುಕ್ಕಿ. "ಗೊತ್ತಿಲ್ಲದವರ ಕೈಗೆ ಕೊಡಬೇಡಿ. ನಾನೇ ಮಾಡ್ತೀನಿ."

ವಾಪಸು ಬರುವಾಗ ಒಮ್ಮೆ ಹಿಂತಿರುಗಿ ನೋಡಿದಳು. ಬೂದುಬಣ್ಣದ ಸ್ವೆಟರ್ ಹಾಕಿದ ಒಬ್ಬ ಮನುಷ್ಯ ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಬರುತ್ತಿದ್ದ. ಅಂಗಡಿಗೆ ಬಂದು ಕಿಟಕಿಯಿಂದ ನೋಡಿದರೆ, ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಅವನೇ ಪೇಪರ್ ಬಿಡಿಸಿಕೊಂಡು ಕೂತಿದ್ದ. ಕಾಕತಾಳೀಯವೋ ಕಾವಲೋ, ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಸಂಜೆ ಅವಳು ಹೊರಟಾಗಲೂ ಅವನು ಅದೇ ಪುಟ ಓದುತ್ತಿದ್ದ.

ಮನೆಯಲ್ಲಿ ಇದ್ದದ್ದು ಮೂವರು ಹೆಂಗಸರು. ಚುಕ್ಕಿ, ಅಮ್ಮ, ತಮ್ಮನ ಹೆಂಡತಿ. ತಮ್ಮನ ಹೆಂಡತಿ ಚಿಕ್ಕಮಕ್ಕಳ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಮನೆಯಲ್ಲೂ ಎಲ್ಲರಿಗೂ ಅದು ಹೀಗೆ, ಇದು ಹಾಗೆ ಎಂದು ತಿದ್ದುತ್ತಿದ್ದರಿಂದ ಅಮ್ಮ ಅವಳಿಗೆ ಟೀಚರಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಹಿಡಿಸಿತ್ತು.

ಮುಂದಿನ ಕೋಣೆಯ ಗೋಡೆಗೆ ಒಂದು ಹಲಗೆ. ಅದರ ಮೇಲೆ ತಾತನ ಹಿತ್ತಾಳೆ ದಿಕ್ಸೂಚಿ, ಅದರ ಪಕ್ಕ ಅಪ್ಪನ ಜೇಬು ಗಡಿಯಾರ. ಇಬ್ಬರೂ ಸೈನ್ಯದಲ್ಲಿದ್ದವರು, ಇಬ್ಬರೂ ತಲೆ ನರೆತು ಮನೆಗೆ ಬಂದು, ಮಂಚದ ಮೇಲೆ ಕಣ್ಣು ಮುಚ್ಚಿದವರು. ಅಮ್ಮ ದಿನವೂ ಬೆಳಿಗ್ಗೆ ದಿಕ್ಸೂಚಿಯ ಧೂಳು ಒರೆಸಿ, ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಅದರ ಪಕ್ಕ ಒಂದು ಅಂಗೈ ಅಗಲದ ಜಾಗ ಖಾಲಿ ಇತ್ತು. ಅಲ್ಲಿ ಬೇರೆ ಏನನ್ನು ಇಟ್ಟರೂ ಅಮ್ಮ ಎತ್ತಿ ಬಿಸಾಡುತ್ತಿದ್ದರು. "ಅದು ನನ್ನ ಮಗನ ಗಡಿಯಾರಕ್ಕೆ. ಅವನು ರಿಟೈರ್ ಆಗಿ ಬರ್ತಾನಲ್ಲ, ಆಗ," ಅನ್ನುತ್ತಿದ್ದರು.

ಆ ಸಂಜೆ ಚುಕ್ಕಿ ಒಳಗೆ ಕಾಲಿಟ್ಟ ಕೂಡಲೇ ಟೀಚರಮ್ಮ ಬಣ್ಣದ ಕಾರ್ಡುಗಳ ಕಟ್ಟು ಹಿಡಿದು ಓಡಿ ಬಂದಳು.

"ಅತ್ತಿಗೆ, ಬೇಗ ಹೇಳಿ. ಇನ್ನು ಎರಡು ತಿಂಗಳಿಗೆ ಅವರು ಬರ್ತಾರೆ. ಅಷ್ಟರಲ್ಲಿ ನಮ್ಮ ಕೋಣೆಗೆ ಬಣ್ಣ ಹೊಡೀಬೇಕು. ಈ ಹಸಿರಾ, ಈ ನೀಲಿಯಾ?"

"ಹಸಿರು ಬೇಡ," ಅಂದಳು ಚುಕ್ಕಿ. ದನಿ ತನ್ನದಲ್ಲ ಅನ್ನಿಸಿತು. "ದಿನವಿಡೀ ಹಸಿರು ಹಾಕ್ಕೊಂಡು ಓಡಾಡೋನಿಗೆ ಮನೆಗೆ ಬಂದರೂ ಹಸಿರಾ?"

ಟೀಚರಮ್ಮ ಕಿಲಕಿಲ ನಕ್ಕಳು. "ಅದೇ ನಾನೂ ಅಂದ್ಕೊಂಡೆ! ಭಾನುವಾರ ನಾವಿಬ್ಬರೇ ಹೊಡೆಯೋಣ. ಕೆಲಸದವರು ಬಂದರೆ ಮೂಲೆ ಎಲ್ಲ ಬಿಟ್ಟು ಹೋಗ್ತಾರೆ."

ಚುಕ್ಕಿಯೂ ನಕ್ಕಳು. ನಗು ಬಂದದ್ದು ಹೇಗೆ ಎಂದು ಅವಳಿಗೇ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಪ್ರತಿ ತುತ್ತನ್ನೂ ನೀರು ಕುಡಿದು ನುಂಗಿದಳು. ಅಮ್ಮ ಎದುರಿಗೆ ಕೂತು ಅವಳ ತಟ್ಟೆಯನ್ನೇ ನೋಡುತ್ತಿದ್ದರು. ಏನೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಚುಕ್ಕಿ ಎದ್ದು ಬರುವಷ್ಟರಲ್ಲಿ ಅಮ್ಮ ಸ್ನಾನ ಮಾಡಿ, ತಲೆ ಬಾಚಿ, ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು ಮುಂದಿನ ಕೋಣೆಯಲ್ಲಿ ಕೂತಿದ್ದರು. ಬಾಗಿಲಿಗೆ ಎದುರಾಗಿ ಎರಡು ಕುರ್ಚಿ ಹಾಕಿದ್ದರು. ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು.

"ಎಲ್ಲಿಗೆ ಹೊರಟೆ ಅಮ್ಮಾ?"

"ಎಲ್ಲಿಗೂ ಇಲ್ಲ. ಕೂತಿದ್ದೀನಿ."

ತಾನು ಶಾಲೆಗೆ ಹೋಗುವಾಗಲೂ ಬರುವಾಗಲೂ ಅಮ್ಮ ಹಾಗೇ ಕೂತಿದ್ದರೆಂದು ಸಂಜೆ ಟೀಚರಮ್ಮ ಹೇಳಿದಳು. "ಅತ್ತೆಗೆ ಏನೋ ಆಗಿದೆ. ಗೇಟು ಸದ್ದಾದರೆ ಎದ್ದು ನಿಂತ್ಕೋತಾರೆ. ಹಾಲಿನವನಿಗೂ ಎದ್ದು ನಿಂತರು! ಅವನು ಪಾಪ, ಹೆದರಿಬಿಟ್ಟ."

ಶನಿವಾರ ಚುಕ್ಕಿ ತಮ್ಮನ ಗಡಿಯಾರ ಕೈಗೆತ್ತಿಕೊಂಡಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಮುಚ್ಚಳವನ್ನು ಹಿಡಿಕೆಗೆ ಬಿಗಿದು, ಉಳಿಯ ಮೊನೆಯನ್ನು ಕಲ್ಲಿನ ಮೇಲೆ ಎರಡು ಸಲ ಎಳೆದಳು. ಮೊದಲ ಅಕ್ಷರ ಶುರು ಮಾಡಿದಳು. ಆಮೇಲೆ ಕೈ ತನ್ನ ಪಾಡಿಗೆ ತಾನು ನಡೆಯಿತು. ಅವನು ಶಾಲೆಗೆ ಸೇರಿದಾಗ ಅವನ ಸ್ಲೇಟಿನ ಕಟ್ಟಿನ ಮೇಲೆ ಇದೇ ಹೆಸರನ್ನು ಚಾಕುವಿನಲ್ಲಿ ಗೀಚಿ ಕೊಟ್ಟಿದ್ದಳು. ಅಮ್ಮನ ಕೈಯಲ್ಲಿ ಪೆಟ್ಟು ತಿಂದಿದ್ದಳು.

ಹೆಸರು ಮುಗಿದು ನಂಬರಿಗೆ ಬಂದಾಗ ಹಿಂದೆ ಯಾರೋ ನಿಂತ ಹಾಗಾಯಿತು. ಯಜಮಾನರು. ಅವರು ಓದಿದರು. ಪಕ್ಕದ ಸ್ಟೂಲು ಎಳೆದುಕೊಂಡು ಮೆಲ್ಲಗೆ ಕೂತರು. ಅವಳ ತಮ್ಮ ಅವರ ಕಣ್ಣ ಮುಂದೆ ಬೆಳೆದವನು. ರಜೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು, ಇಷ್ಟೊಂದು ಗಡಿಯಾರ ಇಟ್ಟುಕೊಂಡೂ ನಿಮಗೆ ಟೈಮ್ ಗೊತ್ತಾಗಲ್ವಲ್ಲ, ನಮ್ಮಕ್ಕನ್ನ ಬೇಗ ಕಳಿಸಿ ಎಂದು ಅವರನ್ನು ಕೀಟಲೆ ಮಾಡುತ್ತಿದ್ದವನು.

"ಮನೇಲಿ?" ಎಂದು ಕೇಳಿದರು.

"ಗೊತ್ತಿಲ್ಲ. ಗೊತ್ತಾಗಬಾರದು. ಕೇಳಬೇಡಿ."

"ನನಗೆ ಕೊಡಮ್ಮ. ನಾನು ಮಾಡ್ತೀನಿ."

"ಬೇಡ."

ಅವರು ಎದ್ದು ಹೋಗಲಿಲ್ಲ. ಅವಳು ಎರಡು ತಾರೀಖನ್ನೂ ಕೆತ್ತಿ ಮುಗಿಸಿದಳು. ಕೊನೆಗೆ ಮುಚ್ಚಳದ ಒಳ ಅಂಚಿಗೆ ಸಣ್ಣ ಮೊನೆ ಇಟ್ಟಳು. ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಗಡಿಯಾರಕ್ಕೆ ಕೈ ಹಾಕಿದರೂ, ರಿಪೇರಿಯಾಗಲಿ ಕೆತ್ತನೆಯಾಗಲಿ, ಆ ದಿನದ ತಾರೀಖನ್ನು ಎಳ್ಳಿನ ಕಾಳಿಗಿಂತ ಸಣ್ಣದಾಗಿ ಒಳ ಅಂಚಿನಲ್ಲಿ ಗೀರಬೇಕು. ಮುಂದೆ ಬಿಚ್ಚುವವರಿಗೆ ಗೊತ್ತಾಗಲಿ ಅಂತ.

"ತಾರೀಖು ಹಾಕಬೇಡ," ಅಂದರು ಯಜಮಾನರು. "ನಾಳೆ ಯಾರಾದರೂ ನೋಡಿದರೆ?"

"ಎಲ್ಲರದಕ್ಕೂ ಹಾಕಿದ್ದೀನಿ."

"ಹಾಗಾದರೆ ನಾಲ್ಕು ದಿನ ಮುಂದಿನದು ಹಾಕು. ಏನು ಮಹಾ?"

ಅವಳು ಯೋಚಿಸಿದಳು. ಎರಡು ದಿನದಿಂದ ಬಾಯಿ ತೆರೆದರೆ ಸುಳ್ಳು, ಮುಚ್ಚಿದರೂ ಸುಳ್ಳು. ಇದರ ಮೇಲೂ ಸುಳ್ಳು ಗೀರಲು ಅವಳಿಗೆ ಕೈ ಬರಲಿಲ್ಲ. ಆ ಶನಿವಾರದ ತಾರೀಖನ್ನೇ ಗೀರಿದಳು. ಕಿಟಕಿಯಾಚೆ ಬೂದು ಸ್ವೆಟರಿನವನು ಲೋಟ ಎತ್ತಿ ಇನ್ನೊಂದು ಟೀ ಕೇಳುತ್ತಿದ್ದ.

ಭಾನುವಾರ ಟೀಚರಮ್ಮ ತಲೆಗೆ ಹಳೆಯ ಟವೆಲು ಸುತ್ತಿಕೊಂಡು, ಕೋಣೆಯ ಸಾಮಾನೆಲ್ಲ ಹೊರಗೆ ಹಾಕಿ, ನೆಲಕ್ಕೆ ಪೇಪರ್ ಹಾಸಿ ಸಿದ್ಧಳಾಗಿದ್ದಳು. ಇಬ್ಬರೂ ಎದುರುಬದುರು ಗೋಡೆಗೆ ನಿಂತು ಬಣ್ಣ ಬಳಿಯತೊಡಗಿದರು. ಟೀಚರಮ್ಮನ ಬಾಯಿ ಒಂದು ಗಳಿಗೆ ನಿಲ್ಲಲಿಲ್ಲ.

"ಈ ಜಾಗಕ್ಕೆ ಎರಡು ಸಲ ಹೊಡೀಬೇಕು ಅತ್ತಿಗೆ. ಅವರು ಇಲ್ಲೇ ಗೋಡೆಗೆ ಒರಗಿ ಕೂರೋದು. ತಲೆ ಎಣ್ಣೆಯ ಗುರುತು ನೋಡಿ, ದುಂಡಗೆ, ಒಳ್ಳೆ ಪೂರ್ಣಚಂದ್ರನ ಹಾಗಿದೆ."

ಹಳೆಯ ಗೋಡೆಯ ಮೇಲೆ ಆ ಗುರುತು ಸ್ಪಷ್ಟವಾಗಿತ್ತು. ಚುಕ್ಕಿ ಬ್ರಷ್ಷನ್ನು ಅದ್ದಿದಳು, ಆದರೆ ಅಲ್ಲಿಗೆ ಕೈ ಎತ್ತಲು ಆಗಲಿಲ್ಲ. ಟೀಚರಮ್ಮನೇ ಬಂದು, ಹಾಡಿಕೊಳ್ಳುತ್ತ, ಮೇಲಿಂದ ಕೆಳಕ್ಕೆ ನಾಲ್ಕು ಸಲ ಎಳೆದು ಅದನ್ನು ಮುಚ್ಚಿದಳು.

"ಅವರು ಫೋನ್ ಮಾಡಿ ಇವತ್ತಿಗೆ ಹನ್ನೆರಡು ದಿನ," ಅಂದಳು ಆಮೇಲೆ, ಹಿಂತಿರುಗದೆ. "ಹೋದ ಸಲ ಹದಿನೆಂಟು ದಿನ ಮಾಡಿರಲಿಲ್ಲ. ಅದಕ್ಕೇ ನಾನು ಒಂದು ಲೆಕ್ಕ ಇಟ್ಕೊಂಡಿದ್ದೀನಿ. ಇನ್ನು ಆರು ದಿನ ನಾನು ಹೆದರೋ ಹಾಗಿಲ್ಲ. ಅಲ್ಲಿವರೆಗೆ ಆರಾಮಾಗಿರ್ತೀನಿ. ಸರಿ ಅಲ್ವಾ ಅತ್ತಿಗೆ?"

"ಟೀಚರಮ್ಮಾ…"

ಅವಳು ತಿರುಗಿದಳು. ಮೂಗಿನ ತುದಿಗೆ ನೀಲಿ ಬಣ್ಣ ಮೆತ್ತಿತ್ತು. "ಏನು?"

ಹೇಳಿಬಿಡಬೇಕೆಂದು ಚುಕ್ಕಿ ಬಾಯಿ ತೆರೆದಿದ್ದಳು. ಆಗ ಆ ಎಂಟು ಜನ ನೆನಪಾದರು. ಅವರ ಮುಖ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ಎಂಟು ಮನೆಗಳು ಕಣ್ಣ ಮುಂದೆ ಬಂದವು. ಎಂಟು ಕಡೆ ಯಾರೋ ಒಬ್ಬಳು ಗೋಡೆಗೆ ಬಣ್ಣ ಬಳಿಯುತ್ತಲೋ, ಬಟ್ಟೆ ಒಣಹಾಕುತ್ತಲೋ ದಿನ ಎಣಿಸುತ್ತಿದ್ದಾಳೆ. ತಾನೀಗ ಒಂದು ಮಾತಾಡಿದರೆ ಅಷ್ಟೂ ಮನೆಯ ಬಾಗಿಲು ತಟ್ಟಿದ ಹಾಗೆ. ಕಿಟಕಿಯಿಂದ ಹೊರಗೆ ನೋಡಿದಳು. ಬೀದಿಯ ತಿರುವಿನಲ್ಲಿ, ಭಾನುವಾರವೂ, ಬೂದು ಸ್ವೆಟರ್.

"ಆ ಮೂಲೆ ಬಿಟ್ಟಿದ್ದೀಯ," ಅಂದಳು.

"ಅಯ್ಯೋ, ಹೌದಲ್ಲ!" ಎಂದು ಟೀಚರಮ್ಮ ಮೂಲೆಗೆ ಓಡಿದಳು.

ಮುಂದಿನ ಕೋಣೆಯಲ್ಲಿ ಅಮ್ಮ ಒಳ್ಳೆಯ ಬಟ್ಟೆಯಲ್ಲಿ ಎರಡು ಖಾಲಿ ಕುರ್ಚಿಗಳ ಎದುರು ಕೂತಿದ್ದರು. ಆ ಕುರ್ಚಿಗಳು ಯಾರಿಗೆ ಎಂಬ ಅನುಮಾನ ಚುಕ್ಕಿಗೆ ಆಗ ಮೊದಲ ಸಲ ಬಂತು. ಅಮ್ಮನ ಮುಖವನ್ನು ಅವಳು ನೋಡಿದಳು. ಅಮ್ಮ ಬಾಗಿಲ ಕಡೆಗೆ ಮುಖ ತಿರುಗಿಸಿಕೊಂಡರು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಗೇಟು ಸದ್ದಾಯಿತು. ಟೀಚರಮ್ಮ ಶಾಲೆಗೆ ಹೊರಟು ಚಪ್ಪಲಿ ಹುಡುಕುತ್ತಿದ್ದಳು. ಇಬ್ಬರು ಬಂದಿದ್ದರು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಟೋಪಿ ಕಂಕುಳಲ್ಲಿ. ಅವರಲ್ಲೊಬ್ಬರು ಅದೇ ತಲೆ ನರೆತ ಅಧಿಕಾರಿ.

ಅಮ್ಮ ಎದ್ದು ನಿಂತರು. "ಬನ್ನಿ, ಕೂತ್ಕೊಳ್ಳಿ," ಅಂದರು. "ದಾರಿ ನೋಡ್ತಿದ್ದೆ."

ಅಧಿಕಾರಿ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಚುಕ್ಕಿಯ ಕಡೆ ತಿರುಗಿ, ಈಗಷ್ಟೇ ಮೊದಲ ಸಲ ನೋಡುವವರ ಹಾಗೆ, "ನೀವು ಅವರ ಅಕ್ಕನಾ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

ಅವರು ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿದರು. ಟೀಚರಮ್ಮ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಕೇಳಿದಳು. ಅಳಲಿಲ್ಲ.

"ಯಾವತ್ತು?" ಅಂದಳು.

ಅವರು ತಾರೀಖು ಹೇಳಿದರು. ಅವಳು ಬೆರಳು ಮಡಿಸಿ ಎಣಿಸಿದಳು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣವಿತ್ತು. "ಹನ್ನೊಂದು ದಿನ," ಅಂದಳು. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳೋ ಹಾಗಿರಲಿಲ್ಲಮ್ಮ. ಜೊತೆಯವರು ಇನ್ನೂ ಅಲ್ಲೇ ಇದ್ದರು. ನಿನ್ನೆ ಸಂಜೆ ಹೊರಗೆ ಬಂದರು. ಆರು ಜನ."

ಚುಕ್ಕಿ ಥಟ್ಟನೆ ತಲೆ ಎತ್ತಿದಳು. ಎಂಟು ಅಂದಿದ್ದಿರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಧಿಕಾರಿ ನೆಲ ನೋಡುತ್ತಿದ್ದರು. ಆಗ ಟೀಚರಮ್ಮನ ಕೈಯಿಂದ ಚಪ್ಪಲಿ ಕೆಳಗೆ ಬಿತ್ತು. ಅವಳು ಅಲ್ಲೇ ಹೊಸ್ತಿಲಲ್ಲಿ ಕುಸಿದಳು. ಅವಳ ದನಿ ಬೀದಿಯ ಕೊನೆಯವರೆಗೆ ಕೇಳಿಸಿತು. ಮರುದಿನದಿಂದ ಬೂದು ಸ್ವೆಟರಿನವನು ಎಲ್ಲೂ ಕಾಣಲಿಲ್ಲ. ಮರುವಾರ ಅಂಗಡಿಗೆ ಕಚೇರಿಯಿಂದ ಇನ್ನೊಂದು ಲಕೋಟೆ ಬಂತು. ಅದರಲ್ಲಿ ಎರಡು ಹೆಸರಿದ್ದವು.

ಒಂದು ತಿಂಗಳ ಮೇಲೆ ರೆಜಿಮೆಂಟಿನ ಮೈದಾನದಲ್ಲಿ ಗಡಿಯಾರ ಕೊಟ್ಟರು. ಟೀಚರಮ್ಮ ಎದೆ ನೆಟ್ಟಗೆ ಮಾಡಿಕೊಂಡು ಹೋಗಿ ತೆಗೆದುಕೊಂಡಳು. ಮನೆಗೆ ಬಂದ ಮೇಲೆ ಅಮ್ಮ ಹಲಗೆಯ ಕಡೆ ನೋಡಿ ಕೈ ಚಾಚಿದರು. ಟೀಚರಮ್ಮ ಕೊಡಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಮುಚ್ಚಳ ತೆರೆದು, ಓರೆ ಮಾಡಿ ಹಿಡಿದಳು.

ಟೀಚರಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಚುಕ್ಕಿಯೇ ಅವಳಿಗೆ ಅಪ್ಪನ ಗಡಿಯಾರ ಬಿಚ್ಚಿ, ಒಳ ಅಂಚಿನ ಗೀರುಗಳನ್ನು ತೋರಿಸಿ, ಯಾವ ತಾರೀಖು ಯಾವ ರಿಪೇರಿಯದು ಎಂದು ವಿವರಿಸಿದ್ದಳು. ಆಗ ಅವಳು ಮಗುವಿನ ಹಾಗೆ ಖುಷಿಪಟ್ಟಿದ್ದಳು.

"ಅತ್ತಿಗೆ, ಇದನ್ನ ಕೆತ್ತಿದ್ದು ನೀವೇ?"

"ಹೌದು."

"ಇದು ಶನಿವಾರದ ತಾರೀಖು."

"ಹೌದು."

"ಅವರು ಹೇಳೋಕೆ ಬಂದದ್ದು ಸೋಮವಾರ." ಅವಳ ದನಿ ಪಾಠ ಮಾಡುವ ದನಿಯ ಹಾಗೆ ಸಮವಾಗಿತ್ತು. "ನಡುವೆ ಭಾನುವಾರ. ನಾವು ಬಣ್ಣ ಹೊಡೆದದ್ದು."

ಚುಕ್ಕಿ ಎಲ್ಲವನ್ನೂ ಹೇಳಿದಳು. ಎರಡನೇ ಹಾಳೆ, ಅಧಿಕಾರಿಯ ಮಾತು, ಎಂಟು ಜನ. ಏನನ್ನೂ ಮುಚ್ಚಿಡಲಿಲ್ಲ. ಟೀಚರಮ್ಮ ಕೊನೆಯವರೆಗೂ ಕೇಳಿದಳು.

"ಅವರು ಎಂಟು ಜನ, ನಾನು ಒಬ್ಬಳು. ನೀವು ಮಾಡಿದ್ದು ಸರಿ ಅತ್ತಿಗೆ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದೇ ಮಾಡ್ತಿದ್ದೆನೋ ಏನೋ. ಆದರೆ ನೀವು ನನ್ನ ಮುಖ ನೋಡಿ ನಕ್ಕಿರಿ. ಯಾವ ಬಣ್ಣ ಅಂತ ಕೇಳಿದರೆ ಹಸಿರು ಬೇಡ ಅಂದಿರಿ. ಅದನ್ನ ನಾನು ಎಲ್ಲಿ ಇಟ್ಕೊಳ್ಳಲಿ?"

"ಅವಳನ್ನ ಒಬ್ಬಳನ್ನೇ ಅನ್ನಬೇಡ," ಅಂದರು ಅಮ್ಮ, ಕೂತಲ್ಲಿಂದಲೇ. "ನನಗೂ ಗೊತ್ತಿತ್ತು."

ಇಬ್ಬರೂ ತಿರುಗಿ ನೋಡಿದರು.

"ಅಂಗಡಿಯಿಂದ ಫೋನ್ ಮಾಡಿ, ನನ್ನ ಮಗ ಯಾವತ್ತು ಮಾತಾಡಿದ್ದ ಅಂತ ತಾರೀಖು ಕೇಳಿದಳಲ್ಲ. ಇವಳ ಕೆಲಸ ಏನು ಅಂತ ನನಗೆ ಗೊತ್ತಿಲ್ವಾ? ಕೇಳಿದ್ದರೆ ಇವಳು ಹೇಳಬೇಕಾಗ್ತಿತ್ತು. ನಿಮ್ಮ ಮಾವನ ಕಾಲದಿಂದಲೂ ಈ ಮನೇಲಿ ನನ್ನ ನೌಕರಿ ಅದೇ. ಕೇಳಬಾರದ್ದನ್ನ ಕೇಳದೆ ಇರೋದು."

ಟೀಚರಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. "ಹಾಗಾದರೆ ಈ ಮನೇಲಿ," ಅಂದಳು, "ನನಗೆ ಒಬ್ಬಳಿಗೇ ಅವರು ಬದುಕಿದ್ದರು."

ಮುಚ್ಚಳ ಮುಚ್ಚಿ, ಗಡಿಯಾರವನ್ನು ಅಮ್ಮನ ಮಡಿಲಲ್ಲಿಟ್ಟು ಒಳಗೆ ಹೋದಳು. ಮರುದಿನ ಎರಡು ಪೆಟ್ಟಿಗೆ ತುಂಬಿಕೊಂಡು ತವರಿಗೆ ಹೊರಟಳು. ಜಗಳ ಆಡಲಿಲ್ಲ, ಶಾಪ ಹಾಕಲಿಲ್ಲ. ಹೋಗುವಾಗ ಅಮ್ಮನ ಔಷಧಿ ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ಚೀಟಿ ಬರೆದು ಅಂಟಿಸಿ ಹೋದಳು. ಅಮ್ಮ ಗಡಿಯಾರವನ್ನು ಹಲಗೆಯ ಮೇಲಿಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಮಾತು ತಿದ್ದುವವರು ಇಲ್ಲದೆ ಅಮ್ಮ ಮಾತಾಡುವುದನ್ನೇ ಕಡಿಮೆ ಮಾಡಿದರು.

ಐದು ತಿಂಗಳು ಕಳೆದವು. ಒಂದು ಸಂಜೆ ಅಂಗಡಿಗೆ ಫೋನ್ ಬಂತು.

"ಅತ್ತಿಗೆ, ನಾನು. ಶಾಲೆಯ ಹತ್ತಿರ ಒಂದು ಸಣ್ಣ ಮನೆ ಹಿಡಿದಿದ್ದೀನಿ. ಭಾನುವಾರ ಸಾಮಾನು ಸಾಗಿಸಬೇಕು. ಬೀರು ಎತ್ತೋಕೆ ಒಬ್ಬಳಿಂದ ಆಗಲ್ಲ. ಬರ್ತೀರಾ?"

"ಬರ್ತೀನಿ," ಅಂದಳು ಚುಕ್ಕಿ. "ಖಂಡಿತ ಬರ್ತೀನಿ."

ಟೀಚರಮ್ಮ ಇನ್ನೂ ಫೋನ್ ಇಟ್ಟಿರಲಿಲ್ಲ.

"ಒಂದು ಮಾತು. ನಿಮಗೆ ಏನಾದರೂ ಗೊತ್ತಿದ್ದರೆ, ಯಾರ ವಿಷಯವೇ ಆಗಲಿ, ಎಂಥದ್ದೇ ಆಗಲಿ, ಬಾಗಿಲಲ್ಲೇ ಹೇಳಬೇಕು. ಹೇಳಿ ಆಮೇಲೆ ಒಳಗೆ ಬರಬೇಕು. ಆಗುತ್ತಾ?"

"ಆಗುತ್ತೆ."

ಭಾನುವಾರ ಚುಕ್ಕಿ ಹೋದಳು. ಮೂರನೇ ಮಹಡಿ, ಇಕ್ಕಟ್ಟಾದ ಮೆಟ್ಟಿಲು. ಬಾಗಿಲು ತಟ್ಟಿದಳು. ಟೀಚರಮ್ಮ ತೆರೆದಳು. ಸೊರಗಿದ್ದಳು, ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಬನ್ನಿ ಅನ್ನಲಿಲ್ಲ. ಚೌಕಟ್ಟಿಗೆ ಎರಡೂ ಕೈ ಅಡ್ಡ ಹಿಡಿದು, ಚುಕ್ಕಿಯ ಮುಖವನ್ನು ನೋಡುತ್ತ ನಿಂತಳು. ಕಣ್ಣು, ಬಾಯಿ, ಹಣೆ, ಒಂದೊಂದನ್ನೂ ಓದುವವಳ ಹಾಗೆ ನೋಡಿದಳು. ಕೆಳಗೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು. ಅದು ತುಂಬಿ ನಿಲ್ಲುವವರೆಗೂ ನೋಡಿದಳು.

"ಏನೂ ಇಲ್ಲ," ಅಂದಳು ಚುಕ್ಕಿ.

"ನಿಜವಾಗಿ?"

"ನಿಜವಾಗಿ. ಅಮ್ಮ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೀನಿ. ನನಗೆ ಏನೂ ಗೊತ್ತಿಲ್ಲ."

ಟೀಚರಮ್ಮ ಕೈ ಇಳಿಸಿ ದಾರಿ ಬಿಟ್ಟಳು. ಇಬ್ಬರೂ ಸೇರಿ ಬೀರು ಎತ್ತಿಟ್ಟರು.

ಈಗ ಚುಕ್ಕಿ ತಿಂಗಳಿಗೆ ಎರಡು ಸಲವಾದರೂ ಅಲ್ಲಿಗೆ ಹೋಗುತ್ತಾಳೆ. ಕೆಲವೊಮ್ಮೆ ಅಮ್ಮನೂ ಬರುತ್ತಾರೆ. ಟೀ ಆಗುತ್ತದೆ, ಶಾಲೆಯ ಮಕ್ಕಳ ಕಥೆ ಆಗುತ್ತದೆ, ನಗುವೂ ಬರುತ್ತದೆ. ಆದರೆ ಪ್ರತಿ ಸಲವೂ ಮೊದಲು ಆ ಬಾಗಿಲಲ್ಲಿ ನಿಲ್ಲಬೇಕು. ನಿಂತು, ಮುಖ ತೋರಿಸಿ, ಏನೂ ಇಲ್ಲ ಎಂದು ಹೇಳಬೇಕು. ಅಷ್ಟಾಗುವವರೆಗೆ ಟೀಚರಮ್ಮ ಪಕ್ಕಕ್ಕೆ ಸರಿಯುವುದಿಲ್ಲ.